ಉಕ್ಕಾಳಿನ ಕಾಲು

ಏಪ್ರಿಲ್ 11

ಇವತ್ತು ನಮ್ಮ ಉಕ್ಕಾಳಿಗೆ, ಆ ದೊಡ್ಡ ಉಕ್ಕಿನ ಯಂತ್ರಮಾನವನಿಗೆ, ಬಣ್ಣ ಬಳಿದರು. ಬಂದರಿನಲ್ಲಿ ಅಲೆ ತಡೆಯುವ ಕಾಂಕ್ರೀಟ್ ದಿಮ್ಮಿ ಹೊರುತ್ತಿದ್ದಷ್ಟು ದಿನ ಅವನು ಹಳದಿಯಾಗಿದ್ದ, ಮಂಜಿನಲ್ಲೂ ದೋಣಿಯವರಿಗೆ ಕಾಣಲಿ ಅಂತ. ಈಗ ಯಾರ ಕಣ್ಣಿಗೂ ಬೀಳಬಾರದಂತೆ, ಅದಕ್ಕೆ ಕೆಸರಿನ ಬಣ್ಣ. ಮೂರು ಮಹಡಿ ಮನೆಯಷ್ಟು ಎತ್ತರದವನನ್ನು ಬಣ್ಣ ಬಳಿದು ಅಡಗಿಸುತ್ತಾರಂತೆ! "ಸುಮೊ ಪೈಲ್ವಾನನ್ನ ಕರ್ಚೀಫ್ ಹಿಂದೆ ಬಚ್ಚಿಟ್ಟ ಹಾಗಾಯ್ತು," ಅಂದರು ಕುರೊಸೆ. ಬಣ್ಣ ಬಳಿಯುತ್ತಿದ್ದವರೂ ನಕ್ಕುಬಿಟ್ಟರು.

ಬಲಗೈಯ ಇಕ್ಕಳ ಬಿಚ್ಚಿ ಅಲ್ಲಿ ಫಿರಂಗಿ ಕೂರಿಸಿದ್ದಾರೆ. ಎಡಗೈ ಹಾಗೇ ಇದೆ. ಅದರ ಬೆರಳ ಸಂದಿಯಲ್ಲಿ ಒಣಗಿದ ಕಡಲಪಾಚಿ ಇನ್ನೂ ಅಂಟಿಕೊಂಡಿತ್ತು. ಕಿತ್ತು ಬಿಸಾಡಲು ಮನಸ್ಸಾಗಲಿಲ್ಲ.

ಉಕ್ಕಾಳನ್ನು ನಡೆಸಲು ಇಬ್ಬರು ಬೇಕು. ಎದೆಯಲ್ಲಿ ಕೂತವರು ಕೈ ಆಡಿಸುತ್ತಾರೆ, ಹೊಟ್ಟೆಯಲ್ಲಿ ಕೂತವನು ಕಾಲು. ನಾನು ಕಾಲು. ಮೀನುಗಾರಿಕೆ ಶಾಲೆಯಲ್ಲಿ ಕಲಿತದ್ದೇ ಅದು. ಕುರೊಸೆ ಕೈ. ಅವರು ದಕ್ಷಿಣದ ಸಕಾಯಿಯವರು, ಹಡಗು ಕಟ್ಟುವ ಕಡೆ ಕ್ರೇನ್ ಓಡಿಸುತ್ತಿದ್ದರಂತೆ. ನನಗಿಂತ ಆರು ವರ್ಷ ದೊಡ್ಡವರು. ಮೊದಲ ದಿನವೇ ಕೇಳಿದರು, "ಏ ಕಾಲು, ನಿನ್ನ ಹೆಸರೇನೋ?"

"ಒರಿಕಾಸಾ ತತ್ಸುಮಿ, ಕುರೊಸೆ-ಸಾನ್."

"ಸಾನ್-ಗೀನ್ ಎಲ್ಲ ಹೊರಗಿನವರಿಗೆ ಇಟ್ಕೋ. ಒಂದೇ ಮೈಯಲ್ಲಿ ಇರೋರು ನಾವು. ಅಕ್ಕ ಅನ್ನು ಸಾಕು. ನಡೆಯುವಾಗ ಕುಲುಕಾಡಿಸ್ಬೇಡ, ನನಗೆ ವಾಂತಿ ಬರುತ್ತೆ. ನಾನು ವಾಂತಿ ಮಾಡಿದ್ರೆ ಬೀಳೋದು ನಿನ್ನ ತಲೆ ಮೇಲೇ, ಗೊತ್ತಲ್ಲ?"

ಯುದ್ಧ ಅಂದರೆ ಹೇಗಿರುತ್ತದೋ ಅಂತ ಹೆದರಿ ಬಂದಿದ್ದೆ. ಇವರ ಜೊತೆ ಆದರೆ ಪರವಾಗಿಲ್ಲ ಅನ್ನಿಸುತ್ತದೆ.

ಏಪ್ರಿಲ್ 19

ಕ್ಯಾಪ್ಟನ್ ಮುನಕತ ಅವರಿಂದ ಬೈಸಿಕೊಂಡೆ. ಬೈದರು ಅನ್ನುವ ಹಾಗೂ ಇಲ್ಲ, ಅವರು ದನಿ ಎತ್ತುವುದೇ ಇಲ್ಲ. ಬ್ಯಾಂಕಿನಲ್ಲಿ ಮಾತಾಡುವವರ ಹಾಗೆ ಮಾತಾಡುತ್ತಾರೆ.

ಆಗಿದ್ದು ಇಷ್ಟೆ. ಗುಡ್ಡದ ಆಚೆ ಹೋಗಿ ನಿಲ್ಲಬೇಕಿತ್ತು. ನೇರ ದಾರಿಯಲ್ಲಿ ಯಾರದೋ ಮೂಲಂಗಿ ಹೊಲ. ಸಾಲು ಸಾಲಾಗಿ ಎಳೆ ಸೊಪ್ಪು, ಅಂಚಿನಲ್ಲಿ ಬಿದಿರ ಕೋಲಿಗೆ ಸಿಕ್ಕಿಸಿದ ಒಂದು ಹಳೇ ಟೋಪಿ. ನಮ್ಮವನ ಒಂದು ಪಾದ ಅಂದರೆ ಒಂದು ಕೋಣೆಯಷ್ಟು ಅಗಲ. ನಾನು ಹೊಲ ಬಳಸಿ, ಹೊಳೆ ದಾಟಿ, ಸುತ್ತಿಕೊಂಡು ಹೋದೆ. ಎಲ್ಲರಿಗಿಂತ ತಡವಾಯಿತು.

"ಒರಿಕಾಸಾ," ಅಂದರು ಕ್ಯಾಪ್ಟನ್, "ಮೂಲಂಗಿ ಮತ್ತೆ ಬೆಳೆಯುತ್ತೆ."

"ಹೌದು ಸರ್. ತಪ್ಪಾಯ್ತು ಸರ್."

ಸಂಜೆ ಅಕ್ಕ ಅವರ ಹಾಗೇ ಮುಖ ಮಾಡಿ, ಕನ್ನಡಕ ಏರಿಸಿಕೊಳ್ಳುವವರ ಹಾಗೆ ಮೂಗು ಒತ್ತಿಕೊಂಡು, "ಒರಿಕಾಸಾ, ನಿನ್ನ ಅಜ್ಜಿ ಸತ್ತರೂ ಮತ್ತೆ ಬೆಳೆಯುತ್ತಾಳೆ," ಅಂದರು. ಮಿಸೊ ಸಾರು ಮೂಗಿಗೆ ಹತ್ತುವಷ್ಟು ನಕ್ಕೆ. ಆಮೇಲೆ ಅವರೇ ಬೆನ್ನು ತಟ್ಟಿ, "ಬಳಸಿ ಹೋಗಿದ್ದು ಒಳ್ಳೇದಾಯ್ತು ಬಿಡು. ಆ ಟೋಪಿ ಇಟ್ಟವರು ನಿನ್ನನ್ನ ನೆನಪು ಮಾಡ್ಕೋತಾರೆ," ಅಂದರು. ಅವರಿಗೆ ನಾನು ಯಾರು ಅಂತ ಹೇಗೆ ಗೊತ್ತಾಗುತ್ತದೆ? ಆದರೂ ಕೇಳಿ ಖುಷಿಯಾಯಿತು.

ಮೇ 6

ಇವತ್ತು ಆಯಿತು. ಮೊದಲ ಸಲ.

ದಿಬ್ಬದ ಕೆಳಗೆ ಆ ಕಡೆಯವರ ಎರಡು ಲಾರಿ ನಿಂತಿದ್ದವು. ರೇಡಿಯೋದಲ್ಲಿ ಕ್ಯಾಪ್ಟನ್ ಎಲ್ಲಿಗೆ ಅಂತ ಹೇಳಿದರು, ನಾನು ಅಲ್ಲಿಗೆ ನಡೆಸಿದೆ, ಕಾಲು ಊರಿ ನಿಲ್ಲಿಸಿದೆ. ಅಕ್ಕ ಹಾರಿಸಿದರು. ನನ್ನ ಸೀಟಿನ ಮುಂದಿನ ಪರದೆಯಲ್ಲಿ ಪಾದದ ಸುತ್ತಲಿನ ನೆಲ ಬಿಟ್ಟರೆ ಬೇರೇನೂ ಕಾಣುವುದಿಲ್ಲ. ಹಾಗಾಗಿ ಹುಲ್ಲು ಕಂಡಿತು, ಹುಲ್ಲಿನ ಮೇಲೆ ಬೆಳಕು ಒಂದು ಸಲ ಬಿಳಿಯಾಯಿತು, ಅಷ್ಟೆ. ಆದರೆ ಉಕ್ಕಾಳಿನ ಪಾದಕ್ಕೆ ತಾಗಿದ್ದೆಲ್ಲ ಪೆಡಲಿಗೆ ಬರುತ್ತದೆ. ಜಾರಬಾರದು ಅಂತ ಹಾಗೆ ಮಾಡಿದ್ದಾರೆ. ಮಣ್ಣು ಮೆತ್ತಗಿದೆಯೋ ಗಟ್ಟಿಯಿದೆಯೋ ಕಾಲಿಗೇ ತಿಳಿಯುತ್ತದೆ. ಲಾರಿಗಳು ಒಡೆದಾಗ ನೆಲ ನಡುಗಿದ್ದು ನನ್ನ ಅಂಗಾಲಿಗೆ ಬಂತು. ಅದಾದ ಮೇಲೆ ಸಣ್ಣದಾಗಿ, ಬೇಗ ಬೇಗ, ಟಪಟಪ ಅಂತ ಏನೋ. ಯಾರೋ ಓಡುತ್ತಿದ್ದರು. ಅಕ್ಕ ಇನ್ನೊಮ್ಮೆ ಹಾರಿಸಿದರು. ಆಮೇಲೆ ಏನೂ ಇಲ್ಲ.

ಇಳಿದ ಮೇಲೆ ವಾಂತಿ ಮಾಡಿಕೊಂಡಿದ್ದು ಅಕ್ಕ ಅಲ್ಲ, ನಾನು. ಅವರು ಪಕ್ಕದಲ್ಲಿ ಕೂತು ನನ್ನ ಬಾಯಿಗೆ ಉಪ್ಪು ಹಾಕಿದ ಹುಳಿ ಉಮೆ ಕಾಯಿ ಇಟ್ಟರು. ಅವರ ಕೈ ತಣ್ಣಗಿತ್ತು.

"ನೀನು ಬರೀ ನಡೆಸಿದ್ದು ಕಣೋ," ಅಂದರು. "ಹಾರಿಸಿದ್ದು ನಾನು. ಹೋಗಿ ಮಲಗು."

ಹೌದು. ನಾನು ಬರೀ ನಡೆಸಿದ್ದು.

ಮೇ 7

ಬರೀ ನಡೆಸಿದ್ದು.

ಜೂನ್ 20

ಮಳೆಗಾಲ ಶುರುವಾಗಿದೆ. ಮೊಣಕಾಲಿನವರೆಗೆ ಕೆಸರು. ನಮ್ಮವನ ಮೊಣಕಾಲು ಅಂದರೆ ನನ್ನ ತಲೆ ಮುಳುಗುವಷ್ಟು.

ಅಮ್ಮನ ಜೊತೆ ಫೋನಿನಲ್ಲಿ ಮಾತಾಡಲು ಬಿಟ್ಟರು. ನಮ್ಮೂರು ಉರಹಮದಲ್ಲಿ ನಮ್ಮ ಬಿಸಿನೀರ ಮನೆ ಇನ್ನೂ ನಡೆಯುತ್ತಿದೆಯಂತೆ. ಸೌದೆ ಸಿಗದೆ ವಾರಕ್ಕೆ ಎರಡೇ ದಿನ ನೀರು ಕಾಯಿಸುತ್ತಾಳಂತೆ, ಆದರೂ ಊರೆಲ್ಲ ಬಂದು ಸ್ನಾನ ಮಾಡಿ ಹೋಗುತ್ತದಂತೆ. "ಬಾಂಬ್ ಬೀಳೋ ಊರಲ್ಲೂ ಬೆನ್ನು ಉಜ್ಕೊಳ್ದೆ ಇರಕ್ಕಾಗಲ್ವಲ್ಲ ಇವರಿಗೆ," ಅಂತ ನಕ್ಕಳು. ಆಮೇಲೆ ಫೋನು ಚಿಯೊ ಅತ್ತೆಯ ಕೈಗೆ ಹೋಯಿತು. ಅವರು ನಮ್ಮ ನೆಂಟರೇನಲ್ಲ. ನಾನು ಹುಟ್ಟುವ ಮೊದಲಿನಿಂದ ನಮ್ಮ ಬಾಗಿಲ ಗಲ್ಲಾಪೆಟ್ಟಿಗೆಯ ಹತ್ತಿರ ಕೂತು ಟವೆಲ್ ಕೊಡುವವರು. ಹೊಳೆಯಾಚೆ ಓಕುದೆಯಲ್ಲಿ ಒಬ್ಬರೇ ಇರುತ್ತಾರೆ. ಅಪ್ಪ ಸಮುದ್ರಕ್ಕೆ ಹೋಗಿ ಬರದೇ ಇದ್ದ ವರ್ಷ ಅಮ್ಮ ಹಾಸಿಗೆ ಬಿಟ್ಟೇಳಲಿಲ್ಲ. ಆಗ ನನ್ನ ತಲೆ ತೊಳೆದು, ಅನ್ನದ ಉಂಡೆ ಕಟ್ಟಿ, ಶಾಲೆಗೆ ಕಳಿಸಿದ್ದು ಅವರೇ.

"ಅನ್ನ ಸರಿಯಾಗಿ ಹಾಕ್ತಾರೇನೋ? ಕಿವಿ ಹಿಂದೆ ತೊಳ್ಕೋತೀಯಾ?" ಅಂತ ಕೇಳಿದರು.

"ಅತ್ತೆ, ನಾನೀಗ ಸೈನಿಕ."

"ಸೈನಿಕನಿಗೇನು ಕಿವಿ ಇಲ್ವಾ?"

ಪಕ್ಕದಲ್ಲಿ ನಿಂತಿದ್ದ ಅಕ್ಕ ಅದನ್ನು ಕೇಳಿಸಿಕೊಂಡರು. ಈಗ ದಿನಾ ಬೆಳಿಗ್ಗೆ ಹತ್ತುವ ಮುಂಚೆ, "ಕಾಲು ತಯಾರು? ಕಿವಿ ತಯಾರು?" ಅಂತ ಕೇಳುತ್ತಾರೆ.

ಜುಲೈ 17

ಒಂದು ಮನೆ ತುಳಿದೆ. ಯಾರೂ ಇರಲಿಲ್ಲ, ನೋಡಿಯೇ ತುಳಿದೆ. ಬಳಸಿ ಹೋಗಿದ್ದರೆ ಬೆಟ್ಟದ ಮೇಲಿನವರ ಗುಂಡಿಗೆ ಎದೆ ಕೊಟ್ಟ ಹಾಗಾಗುತ್ತಿತ್ತು. ಹಂಚು ಪುಡಿಯಾಗುವುದು ಪೆಡಲಿನಲ್ಲಿ ಹಪ್ಪಳ ಮುರಿದ ಹಾಗೆ ಬಂತು. ತೊಲೆ ಮುರಿಯುವುದು ಬೇರೆ ಥರ. ಯಾವುದು ಏನು ಅಂತ ಈಗ ನನಗೆ ನೋಡದೆಯೇ ಗೊತ್ತಾಗುತ್ತದೆ.

ಬೇಗ ತಲುಪಿದೆವು. ಕ್ಯಾಪ್ಟನ್ "ಚೆನ್ನಾಗಿ ನಡೆಸಿದೆ," ಅಂದರು. ಎಲ್ಲರೆದುರು.

ಆಗಸ್ಟ್ 14

ಸತ್ತವರು ಮನೆಗೆ ಬಂದು ಹೋಗುವ ಹಬ್ಬ. ಅಡಿಗೆಯವರು ಸೌತೆಕಾಯಿಗೆ ನಾಲ್ಕು ಕಡ್ಡಿ ಚುಚ್ಚಿ ಕುದುರೆ ಮಾಡಿ ಬಾಗಿಲಲ್ಲಿಟ್ಟಿದ್ದರು, ಸತ್ತವರು ಹತ್ತಿ ಬರಲಿ ಅಂತ. ಅಕ್ಕ ಅದರ ಮುಂದೆ ಕೂತಿದ್ದರು. ಕುಡಿದಿದ್ದರು.

"ಇಷ್ಟು ಚಿಕ್ಕ ಕುದುರೆ ಸಾಲಲ್ಲ," ಅಂದರು. "ನಾವು ಕಳಿಸಿದವರನ್ನ ಹೊರೋಕೆ ಒಂದು ರೈಲೇ ಬೇಕು."

ನಾನು ಅಂದೆ, "ಅಕ್ಕ, ಆಜ್ಞೆ ಬಂತು, ಮಾಡಿದ್ವಿ. ಅದರಲ್ಲೂ ನಾನು ಬರೀ..."

"ನಡೆಸಿದೆ. ಗೊತ್ತು." ತಿರುಗಿ ನನ್ನನ್ನೇ ನೋಡಿದರು. "ನೀನು ನಡೆಯದೇ ಇದ್ದಿದ್ರೆ ನನ್ನ ಕೈ ತಾನಾಗೇ ಅಲ್ಲಿಗೆ ಹೋಗ್ತಿತ್ತೇನೋ? ಆ ದಿನ ನಿನ್ನ ಸಮಾಧಾನಕ್ಕೆ ಅಂದಿದ್ದು ಅದು. ನೀನು ಅದನ್ನೇ ಹಾಸಿಗೆ ಮಾಡ್ಕೊಂಡು ಮಲಗಿಬಿಟ್ಯಲ್ಲೋ."

ನನಗೆ ಸಿಟ್ಟು ಬಂತು. ಎದ್ದು ಬಂದೆ. ನಾಳೆ ಸರಿ ಹೋಗುತ್ತಾರೆ. ಆದರೆ ಕುಡಿದಾಗ ಅವರು ಆಡುವ ಮಾತು ಸರಿಯಲ್ಲ. ಯುದ್ಧ ಯಾರಿಗಾಗಿ, ಮುನಕತ ಅವರ ಭುಜದ ಪಟ್ಟಿಗಾಗಿಯೇ ಅಂತೆಲ್ಲ ಅಡಿಗೆಯವರ ಎದುರೇ ಅಂದುಬಿಟ್ಟರು. ಯಾರಾದರೂ ಕೇಳಿಸಿಕೊಂಡರೆ?

ಸೆಪ್ಟೆಂಬರ್ 22

ಎಲ್ಲವನ್ನೂ ಸರಿಯಾಗಿ ಬರೆದಿಡಬೇಕು. ಆಮೇಲೆ ನಾನೇ ಗೊಂದಲ ಮಾಡಿಕೊಳ್ಳಬಾರದು.

ಮೂರು ದಿನದಿಂದ ಹಿಂದೆ ಸರಿಯುತ್ತಿದ್ದೇವೆ. ಉತ್ತರದಲ್ಲಿ ನಮ್ಮ ಸಾಲು ಒಡೆಯಿತು. ಸರಿಯುತ್ತಾ ಸರಿಯುತ್ತಾ ನಮ್ಮೂರಿನ ಹೊಳೆಗೇ ಬಂದೆವು, ಕಮುರ ಹೊಳೆಗೆ. ಈಚೆ ದಡದಲ್ಲಿ ಉರಹಮ, ಆಚೆ ದಡದಲ್ಲಿ ಓಕುದೆ, ನಡುವೆ ನಾನು ಚಿಕ್ಕಂದಿನಲ್ಲಿ ಗಾಳ ಹಾಕುತ್ತಿದ್ದ ಸೇತುವೆ. ಆ ಕಡೆಯವರ ಟ್ಯಾಂಕುಗಳು ದಾಟದ ಹಾಗೆ ಸೇತುವೆ ಕೆಡವಬೇಕು ಅಂತ ಆಜ್ಞೆ. ಸಿಡಿಮದ್ದು ಇಟ್ಟಿದ್ದರು. ನಾಲ್ಕು ದಿನದ ಮಳೆಯಲ್ಲಿ ತಂತಿ ನೆಂದು ಅದು ಹೊತ್ತಿಕೊಳ್ಳಲಿಲ್ಲ. ಹಾಗಾಗಿ ನಮ್ಮನ್ನು ಹೊಳೆಗಿಳಿಸಿದರು. ನಡುವಿನ ಕಂಬಕ್ಕೆ ಫಿರಂಗಿಯಿಂದ ಹೊಡೆದರೆ ಸಾಕಿತ್ತು.

ಅಕ್ಕ ಗುರಿ ಹಿಡಿದರು. ಹಾರಿಸಲಿಲ್ಲ.

"ಕ್ಯಾಪ್ಟನ್, ಸೇತುವೆ ಮೇಲೆ ಜನ ಇದ್ದಾರೆ," ಅಂದರು ರೇಡಿಯೋದಲ್ಲಿ. "ಓಕುದೆಯವರು. ತಳ್ಳುಗಾಡಿ ತಳ್ಕೊಂಡು ದಾಟ್ತಿದ್ದಾರೆ. ಮುದುಕರೇ ಜಾಸ್ತಿ. ಅವರು ದಾಟಲಿ, ಹೊಡೀತೀನಿ."

"ನಿನ್ನೆಯೇ ಊರು ಖಾಲಿ ಮಾಡಲು ಹೇಳಿಯಾಗಿತ್ತು," ಅಂದರು ಕ್ಯಾಪ್ಟನ್. "ಟ್ಯಾಂಕುಗಳು ಗುಡ್ಡದ ಹಿಂದಿವೆ. ಹೊಡಿ."

"ಟ್ಯಾಂಕ್ ನನಗೆ ಕಾಣ್ತಿಲ್ಲ ಸರ್. ಜನ ಕಾಣ್ತಿದ್ದಾರೆ."

"ಕುರೊಸೆ. ಹೊಡಿ."

ಅಕ್ಕ ಸನ್ನೆಕೋಲುಗಳಿಂದ ಕೈ ತೆಗೆದರು. ನನಗೆ ಹೇಗೆ ಗೊತ್ತಾಯಿತು ಅಂದರೆ, ಉಕ್ಕಾಳಿನ ಎರಡೂ ತೋಳು ಜೋತುಬಿದ್ದು ನೀರಿಗೆ ಬಡಿದವು. ಮೇಲಿನಿಂದ ಅವರ ದನಿ, ರೇಡಿಯೋ ಅಲ್ಲ, ನಮ್ಮಿಬ್ಬರ ಮಧ್ಯದ ಕೊಳವೆಯಲ್ಲಿ: "ತತ್ಸುಮಿ, ಸುಮ್ಮನೆ ನಿಂತಿರು. ಜೋರಾಗಿ ಹೆಜ್ಜೆ ಹಾಕ್ತಿದ್ದಾರೆ, ಇನ್ನೇನು ದಾಟಿಬಿಡ್ತಾರೆ. ಕಾಲು ಜಾರಿತು, ಕೆಟ್ಟಿತು ಅಂತ ಏನಾದ್ರೂ ಹೇಳೋಣ. ಸುಮ್ಮನೆ ನಿಂತಿರು ಸಾಕು."

ಅವರು ನನ್ನನ್ನು ಕಾಲು ಅನ್ನಲಿಲ್ಲ, ಹೆಸರು ಹಿಡಿದು ಕರೆದರು.

ಆಗ ಕ್ಯಾಪ್ಟನ್ ನನ್ನನ್ನು ಕರೆದರು. ಅದೇ ತಣ್ಣನೆ ದನಿ. "ಒರಿಕಾಸಾ. ಕೈಯವಳು ಕೂತಿದ್ದರೆ ಕೂರಲಿ. ಕಾಲು ಯಾರದು?"

"ನನ್ನದು ಸರ್."

"ನಿನ್ನ ತಾಯಿ ಉರಹಮದಲ್ಲಿದ್ದಾಳೆ, ಅಲ್ಲವೇ? ಟ್ಯಾಂಕು ದಾಟಿದರೆ ಮೊದಲು ಸಿಗುವ ಊರು ಅದೇ. ಕಂಬ ನಿನ್ನ ಮುಂದಿದೆ. ನಡಿ."

ನಾನು ನಡೆದೆ. ನೀರು ಉಕ್ಕಾಳಿನ ಸೊಂಟದವರೆಗೆ ಇತ್ತು. ಅಕ್ಕ ಕೂಗುತ್ತಿದ್ದರು, ತಲೆಯ ಮೇಲಿನ ತಗಡಿಗೆ ಬೂಟಿನಿಂದ ಒದೆಯುತ್ತಿದ್ದರು. ಕಂಬದ ಹತ್ತಿರ ಹೋಗಿ ಬಲಪಾದವನ್ನು ಅದಕ್ಕೆ ಒತ್ತಿ ನಿಲ್ಲಿಸಿದೆ. ಒದೆಯುವ ಮುಂಚೆ ಹಾಗೆ ಒತ್ತಿ ಹಿಡಿದು ನೋಡಬೇಕು, ಇಲ್ಲದಿದ್ದರೆ ನಾವೇ ಬೀಳುತ್ತೇವೆ. ಆಗ ಪೆಡಲಿನಲ್ಲಿ ಬಂತು. ಕಂಬದ ಮೂಲಕ. ಗಾಡಿಯ ಚಕ್ರದ ಗಡಗಡ. ಹೆಜ್ಜೆಗಳು. ತುಂಬಾ ಹಗುರ, ತುಂಬಾ ಜನ. ಒಂದು ಹೆಜ್ಜೆ ಎಳೆದು ಎಳೆದು ಹಾಕುವಂಥದ್ದು.

ಮೂರು ಸಲ ಒದೆಯಬೇಕಾಯಿತು.

ಇದು ಆಜ್ಞೆ. ಇದನ್ನು ನಾನು ಮಾಡದಿದ್ದರೆ ಇನ್ನೊಂದು ಉಕ್ಕಾಳು ಬಂದು ಮಾಡುತ್ತಿತ್ತು. ನನ್ನ ಪರದೆಯಲ್ಲಿ ನೀರು ಮಾತ್ರ ಕಂಡಿದ್ದು. ಇದನ್ನು ಇದ್ದ ಹಾಗೆ ಬರೆದಿದ್ದೇನೆ.

ಸೆಪ್ಟೆಂಬರ್ 23

ಕುರೊಸೆಯನ್ನು ಕರೆದುಕೊಂಡು ಹೋದರು. ಹೋಗುವಾಗ ನನ್ನ ಕಡೆ ನೋಡಲಿಲ್ಲ.

ಸೆಪ್ಟೆಂಬರ್ 30

ವಿಚಾರಣೆ. ಉದ್ದ ಮೇಜು, ಮೂವರು ಅಧಿಕಾರಿಗಳು, ಎಲ್ಲರಿಗೂ ಬಾರ್ಲಿ ಚಹಾ. ನನಗೂ ಕೊಟ್ಟರು.

"ಕುರೊಸೆ ಆಜ್ಞೆ ಮೀರಿದಳೇ?"

"ಮೀರಿದಳು ಸರ್."

ಅಷ್ಟೇ ಕೇಳಿದ್ದು ಅವರು. ಆದರೆ ಇದ್ದದ್ದನ್ನೆಲ್ಲ ಹೇಳುವುದು ನನ್ನ ಕರ್ತವ್ಯ ಅನ್ನಿಸಿತು. ಮೊದಲಿಂದಲೂ ಅವಳು ಹಾಗೇ ಮಾತಾಡುತ್ತಿದ್ದಳು ಅಂದೆ. ಹಬ್ಬದ ದಿನ ಆಡಿದ್ದು, ಭುಜದ ಪಟ್ಟಿಯ ಮಾತು, ಕ್ಯಾಪ್ಟನ್ ಅವರ ಹಾಗೆ ಅಣಕಿಸುತ್ತಿದ್ದದ್ದು, ಎಲ್ಲವನ್ನೂ ಹೇಳಿದೆ. ಏನು ಅಣಕಿಸುತ್ತಿದ್ದಳು ಅಂತ ಒಬ್ಬರು ಕೇಳಿದರು. ಅಜ್ಜಿಯ ಮಾತನ್ನು ಹೇಳಿದೆ. ಯಾರೂ ನಗಲಿಲ್ಲ. ಹೇಳುವಾಗ ನನಗೂ ಅದರಲ್ಲಿ ನಗುವಂಥದ್ದೇನೂ ಕಾಣಲಿಲ್ಲ.

ಕುರೊಸೆ ಗೋಡೆಯ ಪಕ್ಕ ನಿಂತಿದ್ದಳು. ಕೊನೆಯಲ್ಲಿ, ಏನಾದರೂ ಹೇಳುವುದಿದೆಯೇ ಅಂತ ಅವಳನ್ನು ಕೇಳಿದರು.

"ಹುಡುಗನಿಗೆ ಇನ್ನೂ ವಯಸ್ಸಾಗಿಲ್ಲ," ಅಂದಳು. "ಅವನ ಮೇಲೆ ಹಾಕ್ಬೇಡಿ."

ನನಗೆ ಅವಮಾನವಾಯಿತು. ನನ್ನ ಮೇಲೆ ಯಾರೂ ಏನೂ ಹಾಕಿರಲಿಲ್ಲ. ನನಗೆ ಪದಕ ಕೊಡುವವರಿದ್ದಾರೆ. ಅಷ್ಟೂ ತಿಳಿಯದೆ, ನನ್ನನ್ನು ಮಗು ಅಂದುಕೊಂಡಿದ್ದಾಳೆ.

ಕರಾವಳಿಯ ಮರಳಿನಲ್ಲಿ ಹೂತ ಸಿಡಿಗುಂಡು ತೆಗೆಯುವ ತುಕಡಿಗೆ ಅವಳನ್ನು ಹಾಕಿದರು. ಕಾಲ್ನಡಿಗೆಯ ಕೆಲಸ.

ಅಕ್ಟೋಬರ್ 8

ಸೇತುವೆ ಕೆಡವಿದ್ದಕ್ಕೆ ಪದಕ ಬಂತು. ಪತ್ರಿಕೆಯವರು ಉಕ್ಕಾಳಿನ ಪಾದದ ಪಕ್ಕ ನಿಲ್ಲಿಸಿ ಫೋಟೋ ತೆಗೆದರು. "ಸ್ವಲ್ಪ ನಗಿ," ಅಂದರು. ನಕ್ಕೆ.

ನಿದ್ದೆಯಲ್ಲಿ ಬಲಗಾಲು ಒದೆಯುತ್ತದಂತೆ. ಪಕ್ಕದ ಹಾಸಿಗೆಯವನು ದೂರು ಕೊಟ್ಟ. ವೈದ್ಯರು ಮಾತ್ರೆ ಕೊಟ್ಟರು. ನರದ ದಣಿವು ಅಂದರು. ಬೇರೇನೂ ಇಲ್ಲ.

ಅಕ್ಟೋಬರ್ 15

ಅಮ್ಮ ಫೋನು ಮಾಡಿಸಿದ್ದಳು.

"ಚಿಯೊ ಇನ್ನೂ ಬಂದಿಲ್ಲ ಕಣೋ."

"ಆಚೆ ದಡದಲ್ಲೇ ಉಳಿದಿರ್ತಾರೆ. ಯುದ್ಧ ಮುಗಿದ ಮೇಲೆ ಬರ್ತಾರೆ."

"ಆ ದಿನ ಹೊರಟಿದ್ಲಂತೆ. ಅವಳ ಸೊಂಟ ನೋವು ನಿನಗೆ ಗೊತ್ತಲ್ಲ, ಕಾಲು ಎಳೆದು ಎಳೆದು ನಡೀತಾಳೆ. ಅದಕ್ಕೇ ಹಿಂದೆ ಉಳಿದಿದ್ಲಂತೆ. ಮುಂದೆ ಇದ್ದೋರು ದಾಟಿ ಬಂದಿದ್ದಾರೆ. ಅವರು ಹೇಳ್ತಾರೆ, ಸೇತುವೆ ಮೇಲೆ ಜನ ಇದ್ದಾಗಲೇ ಬೀಳಿಸಿದ್ರಂತೆ. ನಿಜವೇನೋ?"

"ಯಾರೂ ಇರಲಿಲ್ಲ."

"ನೀನು ನೋಡಿದ್ಯಾ?"

"ನನ್ನ ಸೀಟಿನಿಂದ ನೆಲ ಬಿಟ್ರೆ ಏನೂ ಕಾಣಲ್ಲ ಅಮ್ಮ, ಹೇಳಿದ್ನಲ್ಲ."

"ಕಾಣದೇ ಇದ್ರೆ, ಯಾರೂ ಇರಲಿಲ್ಲ ಅಂತ ನಿನಗೆ ಹೇಗೆ ಗೊತ್ತು?"

ಸಮಯ ಮುಗಿಯಿತು ಅಂದೆ. ಇನ್ನೂ ಇತ್ತು. ಆದರೆ ಹಿಂದೆ ಫೋನಿಗೆ ಕಾಯುತ್ತಾ ಸಾಲು ನಿಂತಿತ್ತು.

ಕಾಲು ಎಳೆಯುವವರು ಆ ಕಡೆ ಎಷ್ಟೋ ಜನ ಇರುತ್ತಾರೆ. ಕಡಲಿನ ತೇವಕ್ಕೆ ವಯಸ್ಸಾದವರಿಗೆಲ್ಲ ಸೊಂಟ ಹಿಡಿಯುತ್ತದೆ.

ನವೆಂಬರ್ 12

ಈಗ ಕೈಯ ಸೀಟು ನನ್ನದು. ಇಲ್ಲಿಂದ ಎಲ್ಲ ಕಾಣುತ್ತದೆ. ಗುರಿ ಹಿಡಿಯುವುದು ನಾನು ಅಂದುಕೊಂಡಷ್ಟು ಕಷ್ಟವಲ್ಲ. ಸೀಟಿನ ಮೇಲೆ ಕುರೊಸೆ ಹೊಲಿದ ದಿಂಬು ಇತ್ತು, ಹಿಂದಿನ ಒರಗು ನನಗೆ ತಗ್ಗು. ದಿಂಬು ತೆಗೆಸಿ ಎತ್ತರ ಮಾಡಿಸಿದೆ.

ಕಾಲಿಗೆ ಇಶಿಮೋರಿ ಅನ್ನುವವನನ್ನು ಕೊಟ್ಟಿದ್ದಾರೆ. ಇವತ್ತು ಸ್ಮಶಾನದ ಹತ್ತಿರ ನಿಂತುಬಿಟ್ಟ. "ಗೋರಿಗಳಿವೆ ಸರ್, ಬಳಸಿ ಹೋಗ್ಲಾ?" ಅಂತ ಕೇಳಿದ. ಇಂಧನ ಎಷ್ಟು ಖರ್ಚಾಗುತ್ತದೆ ಅನ್ನುವ ಅಂದಾಜೇ ಇಲ್ಲ ಇವರಿಗೆ. ಕ್ಯಾಪ್ಟನ್‌ಗೆ ಹೇಳಿದ್ದೇನೆ.

ನವೆಂಬರ್ 21

ಕುರೊಸೆ ಸತ್ತಳಂತೆ. ಮರಳಿನಲ್ಲಿ. ಊಟದ ಸಾಲಿನಲ್ಲಿ ಯಾರೋ ಹೇಳಿದರು.

ಸಾನ್ಮಾ ಮೀನು ಸುಟ್ಟಿದ್ದರು. ಎರಡು ತಿಂದೆ.

ಮಾತ್ರೆ ಮುಗಿದಿದೆ, ನಾಳೆ ಕೇಳಬೇಕು.

ಡಿಸೆಂಬರ್ 3

ಕದನವಿರಾಮ. ಕಮುರ ಹೊಳೆಯಿಂದ ಬಹಳ ಉತ್ತರಕ್ಕೆ ಗೆರೆ ಎಳೆದಿದ್ದಾರೆ. ಓಕುದೆ ನಮಗೇ ಉಳಿಯಿತು.

ಸಂಜೆ ಅಧಿಕಾರಿಗಳ ಜೊತೆ ಕೂತಿದ್ದೆ, ಈಗ ನನ್ನನ್ನೂ ಕರೆಯುತ್ತಾರೆ. ನಕ್ಷೆಯ ಕೆಲಸ ಮಾಡುವ ಒಬ್ಬರು ಕುಡಿಯುತ್ತಾ ಹೇಳಿದರು. ಸೆಪ್ಟೆಂಬರ್‌ನಲ್ಲಿ ಆ ಕಡೆಯವರ ಟ್ಯಾಂಕುಗಳಿಗೆ ಎಣ್ಣೆಯೇ ಇರಲಿಲ್ಲವಂತೆ. ಗುಡ್ಡಕ್ಕಿಂತ ಎಷ್ಟೋ ಹಿಂದೆ, ರಸ್ತೆಯ ಮೇಲೆ ಸಾಲಾಗಿ ನಿಂತುಬಿಟ್ಟಿದ್ದವಂತೆ. ಹೊಳೆಯ ಕಡೆ ಒಂದೂ ಬರಲಿಲ್ಲ. "ಆ ಸೇತುವೆ ಒಂದು ಸುಮ್ಮನೆ ಹೋಯ್ತು ನೋಡಿ," ಅಂದರು. "ಈಗ ಮತ್ತೆ ಕಟ್ಟಬೇಕು."

ಕ್ಯಾಪ್ಟನ್ ನನ್ನ ಲೋಟಕ್ಕೆ ಅಕ್ಕಿಯ ಮದ್ಯ ಸುರಿದರು. "ಆವತ್ತು ನಮಗೆ ತಿಳಿದಿದ್ದು ಅಷ್ಟೇ, ಅಲ್ಲವೇ ಒರಿಕಾಸಾ?"

"ಹೌದು ಸರ್," ಅಂದೆ.

ಬರಲಿಲ್ಲ, ಸರಿ. ಆದರೆ ಸೇತುವೆ ಇದ್ದಿದ್ದರೆ ಎಣ್ಣೆ ತರಿಸಿಕೊಂಡು ಬರುತ್ತಿದ್ದರೋ ಏನೋ. ಅದನ್ನು ಯಾರೂ ಯೋಚಿಸುವುದಿಲ್ಲ.

ಜನವರಿ 11

ಇವತ್ತು ಊರಿನಲ್ಲಿ ಇಪ್ಪತ್ತು ತುಂಬಿದವರ ಸಮಾರಂಭ. ನನ್ನ ವರ್ಷದವರದ್ದು. ಪುರಸಭೆಯ ಕಟ್ಟಡ ಸುಟ್ಟುಹೋಗಿರುವುದರಿಂದ ಶಾಲೆಯ ಆಟದ ಹಾಲಿನಲ್ಲಿ ಇಟ್ಟುಕೊಂಡಿದ್ದರು. ಒಲೆ ಹಾಕಿದ್ದರೂ ಚಳಿ. ಹುಡುಗಿಯರು ಎಲ್ಲಿಂದಲೋ ತಂದ ರೇಷ್ಮೆ ಕಿಮೊನೊ ಉಟ್ಟು ಬಂದಿದ್ದರು. ಕೆಲವರು ಅಕ್ಕಂದಿರದ್ದು, ಅಮ್ಮಂದಿರದ್ದು ಇರಬೇಕು, ತೋಳು ಗಿಡ್ಡ. ಕುರ್ಚಿಗಳು ಹೆಚ್ಚಾಗಿದ್ದವು. ನಮ್ಮ ತರಗತಿಯ ಹುಡುಗರಲ್ಲಿ ಅರ್ಧದಷ್ಟೂ ಜನ ಇರಲಿಲ್ಲ.

ನನ್ನನ್ನು ಮುಂದಿನ ಸಾಲಿನಲ್ಲಿ ಕೂರಿಸಿದರು. ಎರಡೂ ಪಕ್ಕದ ಕುರ್ಚಿ ಖಾಲಿ ಉಳಿದವು. ಗಣ್ಯರಿಗೆ ಇಟ್ಟಿದ್ದಿರಬೇಕು, ಅವರು ಬರಲಿಲ್ಲ. ಇಪ್ಪತ್ತು ತುಂಬಿದವರೆಲ್ಲರ ಪರವಾಗಿ ಮಾತಾಡಿ ಅಂದರು ಮೇಯರ್. ಭಾಷಣವನ್ನು ಸೇನೆಯವರೇ ಬರೆದುಕೊಟ್ಟಿದ್ದರು. ನಿಲ್ಲದೆ ಓದಿದೆ. ಮೇಯರ್ ಚಪ್ಪಾಳೆ ತಟ್ಟಿದರು, ಆಮೇಲೆ ಮುಂದಿನ ಸಾಲಿನವರು ತಟ್ಟಿದರು. ಹಿಂದಿನ ಸಾಲುಗಳಲ್ಲಿ ಓಕುದೆಯಿಂದ ಬಂದು ಉಳಿದುಕೊಂಡವರು ಕೂತಿದ್ದರು. ಅವರಿಗೆ ಕೇಳಿಸಲಿಲ್ಲ ಅಂತ ಕಾಣುತ್ತದೆ. ಮೈಕು ಸರಿಯಿರಲಿಲ್ಲ.

ಅಮ್ಮ ಬಾಗಿಲ ಹತ್ತಿರ ನಿಂತಿದ್ದಳು. ಕಪ್ಪು ಕಿಮೊನೊ. ಇಷ್ಟು ತಿಂಗಳಲ್ಲಿ ಕುಗ್ಗಿಹೋಗಿದ್ದಾಳೆ. ಎಲ್ಲರೂ ಹೊರಡುವಾಗ ನಾನೇ ಅವಳ ಹತ್ತಿರ ಹೋದೆ. ಮೇಯರ್, ಕ್ಯಾಪ್ಟನ್ ಇಬ್ಬರೂ ನನ್ನ ಹಿಂದೆ ಇದ್ದರು.

"ಅಮ್ಮ, ಊಟ ಆಯ್ತಾ?"

"ಆಯ್ತು."

"ನಾಳೆ ಬೆಳಿಗ್ಗೆವರೆಗೂ ರಜೆ ಇದೆ. ಮನೆಗೆ ಬರ್ತೀನಿ. ನೀರು ಕಾಯ್ಸು, ಎಷ್ಟು ದಿನ ಆಯ್ತು ಸರಿಯಾಗಿ ಸ್ನಾನ ಮಾಡಿ."

ಅಮ್ಮ ನನ್ನ ಬೂಟುಗಳನ್ನು ನೋಡಿದಳು.

"ಬಿಸಿನೀರ ಮನೆ ಮುಚ್ಚಿದೆ," ಅಂದಳು. "ಓಕುದೆಯವರನ್ನ ಅಲ್ಲಿ ಇಟ್ಕೊಂಡಿದ್ದೀನಿ. ಗಂಡ ಇಲ್ಲದೋರು, ಮಕ್ಕಳು ಇಲ್ಲದೋರು. ನಿಮಗೆ ಅಲ್ಲಿ ಜಾಗ ಆಗಲ್ಲ."

"ಒಂದು ಮೂಲೇಲಿ ಮಲಗ್ತೀನಮ್ಮ."

ಅವಳು ಎರಡೂ ಕೈ ಮುಂದೆ ಜೋಡಿಸಿ, ಬೆನ್ನು ಪೂರ್ತಿ ಬಗ್ಗಿಸಿ, ನೆಲ ನೋಡುವಷ್ಟು ಬಾಗಿದಳು. ದೂರದಿಂದ ಬಂದ ಗಿರಾಕಿಗೆ ಬಾಗುವ ಹಾಗೆ.

"ತುಂಬಾ ದೂರದಿಂದ ಬಂದಿದ್ದೀರಿ," ಅಂದಳು. "ದಣಿದಿರ್ತೀರಿ. ನಿಮ್ಮ ಆರೋಗ್ಯ ನೋಡ್ಕೊಳ್ಳಿ."

ಏಳಲೇ ಇಲ್ಲ. ನಾನು ಅಲ್ಲಿಂದ ಸರಿಯುವವರೆಗೂ ಹಾಗೇ ಬಾಗಿದ್ದಳು.

ಅಮ್ಮ ನನ್ನನ್ನು 'ನೀವು' ಅಂದದ್ದು ಇದೇ ಮೊದಲು. ನಾನು ಸೆಲ್ಯೂಟ್ ಹೊಡೆದೆ. ಮೇಯರ್ ಮುಂದೆ, ಸಮವಸ್ತ್ರದ ಮುಂದೆ ಹೇಗಿರಬೇಕು ಅನ್ನುವುದು ಹಳೆಯ ಕಾಲದವರಿಗೆ ಗೊತ್ತಿರುತ್ತದೆ. ಕ್ಯಾಪ್ಟನ್ ಕೂಡ ಕಾರಿನಲ್ಲಿ, "ಗಂಭೀರ ಹೆಂಗಸು," ಅಂದರು.

ಮೇಯರ್ ಅವರ ಲೆಕ್ಕದಲ್ಲಿ ಇಲ್ಲೇ ಹೋಟೆಲಿನಲ್ಲಿ ಕೋಣೆ ಕೊಟ್ಟಿದ್ದಾರೆ. ಕೆಂಪು ಅವರೆ ಹಾಕಿದ ಅನ್ನ, ದೊಡ್ಡ ಕೆಂಪು ಮೀನು, ಎಲ್ಲ ಶುಭದ ಅಡಿಗೆ. ತೊಟ್ಟಿಯಲ್ಲಿ ಬಿಸಿನೀರೂ ಇದೆ.

ಇಪ್ಪತ್ತು ತುಂಬಿದವನನ್ನು ಊರು ದೊಡ್ಡವನು ಅಂತ ಒಪ್ಪಿಕೊಳ್ಳುವ ದಿನ ಇದು. ಅಮ್ಮನೂ ಒಪ್ಪಿಕೊಂಡಳು ಅಂತ ಕಾಣುತ್ತದೆ.